ಹದಿನೇಳು ಸಾವಿರದ ಮನೆ

ಸೊಲ್ಲಾಪುರದ ಅಡುಗೆಮನೆಗಳ ಖರ್ಚನ್ನು ಸರಕಾರ ಬರೆದುಕೊಳ್ಳತೊಡಗಿ ನೂರು ವರ್ಷವಾಯಿತು. 1925ರಲ್ಲಿ ಮುಂಬಯಿ ಸರಕಾರದ ಲೇಬರ್ ಆಫೀಸಿನವರು ಇಲ್ಲಿಯ ಹತ್ತಿ ಗಿರಣಿ ಕೆಲಸಗಾರರ ಮನೆಮನೆಗೆ ಹೋದರು. ಜೋಳಕ್ಕೆಷ್ಟು, ಎಣ್ಣೆಗೆಷ್ಟು, ಕಟ್ಟಿಗೆಗೆಷ್ಟು, ಬಾಡಿಗೆಗೆಷ್ಟು, ಎಲೆ-ತಂಬಾಕಿಗೆಷ್ಟು ಎಂದು ಕೇಳಿ ಬರೆದುಕೊಂಡರು. ಆ ವರದಿ 1928ರಲ್ಲಿ ಅಚ್ಚಾಯಿತು. ಒಂದು ಕುಟುಂಬಕ್ಕೆ ತಿಂಗಳಿಗೆ ಸರಾಸರಿ ನಲವತ್ತು ರೂಪಾಯಿಯ ಹತ್ತಿರ ಆದಾಯ. ಖರ್ಚಿನಲ್ಲಿ ಅರ್ಧದಷ್ಟು ಊಟಕ್ಕೇ. ಅಂದಿನಿಂದ ಸೊಲ್ಲಾಪುರ ಕೆಲಸಗಾರರ ಜೀವನವೆಚ್ಚ ಅಳೆಯುವ ಊರುಗಳಲ್ಲಿ ಒಂದಾಯಿತು. ಕೈಗಾರಿಕಾ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಇವತ್ತಿಗೂ ಇಲ್ಲಿಯ ಪೇಟೆಯ ದರ ಹೋಗುತ್ತದೆ. ದಿಲ್ಲಿಯ ನೌಕರನ ತುಟ್ಟಿಭತ್ಯೆ ಏರುವಾಗ ಅದರ ಲೆಕ್ಕದೊಳಗೆ ನಮ್ಮ ಊರಿನ ತೊಗರಿಬೇಳೆಯ ದರವೂ ಸೇರಿರುತ್ತದೆ.

ಆ ವರದಿಯ ಅಂಕಿಗಳಲ್ಲಿ ಒಂದು ಸಂಗತಿ ನನ್ನನ್ನು ಬಹಳ ಕಾಡಿದೆ. ತಿಂಗಳ ಸರಾಸರಿಯಲ್ಲಿ ಆದಾಯ ಖರ್ಚಿಗಿಂತ ತುಸು ಹೆಚ್ಚೇ ಇತ್ತು. ಕಾಗದದ ಮೇಲೆ ಎರಡು ರೂಪಾಯಿಯಷ್ಟು ಉಳಿಯುತ್ತಿತ್ತು. ಆದರೆ ಕಾರ್ಮಿಕರ ಸ್ಥಿತಿಗತಿಯ ಬಗ್ಗೆ 1931ರಲ್ಲಿ ವರದಿ ಕೊಟ್ಟ ವಿಟ್ಲಿ ಆಯೋಗ ದೇಶದ ಕೈಗಾರಿಕಾ ಊರುಗಳನ್ನು ಸುತ್ತಿ ಹೇಳಿದ್ದೇನು? ಹೆಚ್ಚಿನ ಊರುಗಳಲ್ಲಿ ಮೂರರಲ್ಲಿ ಎರಡು ಪಾಲು ಕುಟುಂಬಗಳು ಸಾಲದಲ್ಲಿವೆ, ಸಾಲ ಮೂರು ತಿಂಗಳ ಪಗಾರಕ್ಕಿಂತ ದೊಡ್ಡದು, ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಸಾಮಾನ್ಯ. ಅಂದರೆ ವರ್ಷಕ್ಕೆ ನೂರಕ್ಕೆ ಎಪ್ಪತ್ತೈದು. ತಿಂಗಳಿಗೆ ಉಳಿಯುವ ಮನೆ ಸಾಲದಲ್ಲಿ ಹೇಗೆ ಮುಳುಗಿತು? ಉತ್ತರವನ್ನು ಆಯೋಗವೇ ಬರೆದಿದೆ: ಮದುವೆ, ಹಬ್ಬ, ಸಾವು. ತಿಂಗಳ ಲೆಕ್ಕ ಕೂಡುತ್ತಿತ್ತು, ವರ್ಷದ ಲೆಕ್ಕ ಕೂಡುತ್ತಿರಲಿಲ್ಲ.

ನೂರು ವರ್ಷದ ಮೇಲೂ ನಮ್ಮ ಮನೆಗಳ ಕಷ್ಟ ಇದೇ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ. ದುಂದು ಮಾಡುವ ಮನೆಗಳು ನಮ್ಮಲ್ಲಿ ಕಡಿಮೆ. ನಮ್ಮ ಹೆಣ್ಣುಮಕ್ಕಳು ಕೊತ್ತಂಬರಿ ಸಿವುಡಿಗೆ ಎರಡು ರೂಪಾಯಿ ಚೌಕಾಶಿ ಮಾಡುವವರು. ಆದರೂ ಜೂನ್ ಬಂದರೆ ಸಾಲ, ಜಾತ್ರೆ ಬಂದರೆ ಸಾಲ, ಬೀಗರ ಮನೆಯ ಕುಬಸ ಬಂದರೆ ಸಾಲ. "ಏಕಾಏಕಿ ಬಂತ ನೋಡ್ರಿ" ಅನ್ನುತ್ತಾರೆ. ಸಿದ್ಧರಾಮನ ಜಾತ್ರೆ ಏಕಾಏಕಿ ಬರುವುದಲ್ಲ. ಪ್ರತಿವರ್ಷ ಸಂಕ್ರಾಂತಿಗೇ ಬರುತ್ತದೆ. ಎಣ್ಣೆಮಜ್ಜನ, ಸಮ್ಮತಿ ಕಟ್ಟೆಯ ಅಕ್ಷತೆ, ಹೋಮ್ ಮೈದಾನದ ಗದ್ದಲ, ಏಳು ನಂದಿಕೋಲುಗಳ ಮೆರವಣಿಗೆ, ಎಲ್ಲವಕ್ಕೂ ತಿಥಿ-ದಿನ ಗೊತ್ತಿದೆ. ಶಾಲೆ ಜೂನಿನಲ್ಲೇ ಬಾಗಿಲು ತೆರೆಯುತ್ತದೆ. ಮಾರ್ಚಿಗೆ ಘರಪಟ್ಟಿ, ಪಾಣಿಪಟ್ಟಿ. ಗೊತ್ತಿದ್ದ ಖರ್ಚಿಗೆ ಸಾಲು ಬರೆಯದೆ ಬಿಟ್ಟರೆ ಅದು ಸಾಲವಾಗಿಯೇ ಮನೆಗೆ ಬರುತ್ತದೆ.

ನನ್ನ ತಮ್ಮನ ಮನೆಯ ಲೆಕ್ಕ ಬರೆಯಲು ಕೂತಾಗ ಇದು ಅಂಕಿಗಳಲ್ಲೇ ಕಂಡಿತು. ಅವನು ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟವೆಲ್ ಕಾರಖಾನೆಯೊಂದರಲ್ಲಿ ಮೇಲ್ವಿಚಾರಕ. ಕೈಗೆ ಬರುವ ಪಗಾರ ಹತ್ತೊಂಬತ್ತು ಸಾವಿರ. ಅವನ ಹೆಂಡತಿ ಮನೆಯಲ್ಲೇ ಸೀರೆಗೆ ಫಾಲ್-ಪೀಕೋ ಮಾಡಿ, ಕುಪ್ಪಸ ಹೊಲಿದು ತಿಂಗಳಿಗೆ ಐದು ಸಾವಿರ ದುಡಿಯುತ್ತಾಳೆ. ಇಬ್ಬರು ಮಕ್ಕಳು, ಜೊತೆಗೆ ನಮ್ಮ ಅವ್ವ. ಐದು ಮಂದಿ.

"ಅಕ್ಕಾರ, ಇಪ್ಪತ್ನಾಲ್ಕು ಸಾವಿರ ಬರ್ತಾವ್ರಿ. ಎಲ್ಲಿ ಹೋಗ್ತಾವ ಅನ್ನೂದು ತಿಳಿಯಾಂಗಿಲ್ಲ" ಅಂದಳು.

"ಮೊದಲ ಕಿರಾಣಿ ಅಂಗಡಿ ಉದ್ರಿ ವಹಿ ತಗೊಂಡ ಬಾರವಾ" ಅಂದೆ.

ಮನೆಯ ಲೆಕ್ಕ ಬರೆಯುವವರು ಹೊಸ ನೋಟ್‌ಬುಕ್ಕು ಕೊಂಡು ಮೊದಲ ಪುಟದಲ್ಲಿ ತಾವು ಖರ್ಚು ಮಾಡಬೇಕೆಂದುಕೊಂಡದ್ದನ್ನು ಬರೆಯುತ್ತಾರೆ. ಎಣ್ಣೆ ಎರಡು ಕಿಲೋ ಸಾಕು, ಸಕ್ಕರೆ ಮೂರು ಸಾಕು ಎಂದು. ಅದು ಲೆಕ್ಕವಲ್ಲ, ಆಸೆ. ನಿಜವಾದ ಲೆಕ್ಕ ಅಂಗಡಿಕಾರನ ವಹಿಯಲ್ಲಿ ಆಗಲೇ ಬರೆದು ಕೂತಿರುತ್ತದೆ, ತಾರೀಖಿನ ಸಮೇತ. ಈಗ ಫೋನ್‌ಪೇ, ಗೂಗಲ್‌ಪೇಗಳಲ್ಲೂ ಕೊಟ್ಟ ಪ್ರತಿ ರೂಪಾಯಿಯ ದಾಖಲೆ ಇರುತ್ತದೆ. ಮೂರು ತಿಂಗಳ ವಹಿ ಮತ್ತು ಮೂರು ತಿಂಗಳ ಮೊಬೈಲಿನ ದಾಖಲೆ ಎದುರಿಗಿಟ್ಟುಕೊಂಡರೆ ಯಾರನ್ನೂ ಬೈಯದೆ, ಯಾರನ್ನೂ ತಪ್ಪಿತಸ್ಥರ ಹಾಗೆ ನಿಲ್ಲಿಸದೆ ಮಾತು ಶುರುಮಾಡಬಹುದು. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಅಂಕಿ ಎದುರಿಗಿದ್ದಾಗ ದನಿ ತಾನಾಗಿ ತಗ್ಗುವುದನ್ನು ವರ್ಗದಲ್ಲೂ ನೋಡಿದ್ದೇನೆ, ಮನೆಗಳಲ್ಲೂ ನೋಡಿದ್ದೇನೆ.

ಆಮೇಲೆ ತಿಂಗಳನ್ನು ಬದಿಗಿಟ್ಟು ವರ್ಷ ಬರೆದೆವು. ಪುಟದ ಎಡಕ್ಕೆ ಯುಗಾದಿಯಿಂದ ಯುಗಾದಿಯವರೆಗಿನ ತಿಂಗಳುಗಳು. ತಿಂಗಳಿಗೊಮ್ಮೆ ಬಾರದ ಖರ್ಚುಗಳೆಲ್ಲ ಬಲಕ್ಕೆ. ಶಾಲೆಯ ಫೀ, ಪುಸ್ತಕ, ಯೂನಿಫಾರ್ಮ್, ಬೂಟು ಸೇರಿ 16,000. ಪಂಚಮಿ, ಗಣಪತಿ, ದಸರಾ, ದೀಪಾವಳಿ, ಸಂಕ್ರಾಂತಿಯ ಜಾತ್ರೆ ಎಲ್ಲ ಕೂಡಿ 12,000. ಮುಯ್ಯಿ, ಆಹೇರ, ಕುಬಸ, ತೊಟ್ಟಿಲು 9,000. ವರ್ಷದ ಜೋಳ, ತೊಗರಿಬೇಳೆ, ಶೇಂಗಾ, ಖಾರದ ಮೆಣಸಿನಕಾಯಿ 24,000. ದವಾಖಾನೆಗೆ 12,000, ಅವ್ವನ ರಕ್ತದೊತ್ತಡದ ಗುಳಿಗೆ ಅದರಲ್ಲೇ ಬಂತು. ಪಟ್ಟಿಗಳು, ಗಾಡಿಯ ವಿಮೆ, ಒಂದು ಟೈರು ಎಂದು 7,000. ಊರಿಗೆ ಹೋಗಿ ಬರುವುದಕ್ಕೆ, ಬಂದ ಬೀಗರಿಗೆ 4,000.

ಕೂಡಿಸಿದರೆ ಎಂಬತ್ನಾಲ್ಕು ಸಾವಿರ. ಹನ್ನೆರಡರಿಂದ ಭಾಗಿಸಿದರೆ ಏಳು ಸಾವಿರ.

ತಮ್ಮ ಬಹಳ ಹೊತ್ತು ಆ ಏಳನ್ನೇ ನೋಡಿದ. ಇಪ್ಪತ್ನಾಲ್ಕರಲ್ಲಿ ಏಳು ಹೋದರೆ ಹದಿನೇಳು. ಅಂದರೆ ಅವರು ಇಷ್ಟು ವರ್ಷ ಇಪ್ಪತ್ನಾಲ್ಕು ಸಾವಿರದ ಮನೆ ಎಂದುಕೊಂಡು ನಡೆಸಿದ್ದು ನಿಜದಲ್ಲಿ ಹದಿನೇಳು ಸಾವಿರದ ಮನೆ. ಉಳಿದ ಏಳು ಸಾವಿರ ಕೈಗೆ ಬಂದಾಗಲೇ ಯಾವುದೋ ತಿಂಗಳಿಗೆ ಸೇರಿಹೋಗಿರುವ ಹಣ. ಜೂನಿನದು ಜೂನಿಗೆ, ಜನವರಿಯದು ಜನವರಿಗೆ. ಮನೆಯ ಬಜೆಟ್ ಬಗ್ಗೆ ನನಗೆ ಹೇಳಬೇಕಾದ್ದು ಮುಖ್ಯವಾಗಿ ಇದೊಂದೇ. ಮೊದಲು ವರ್ಷದ್ದನ್ನು ತೆಗೆದಿಟ್ಟು, ಉಳಿದದ್ದನ್ನೇ ಪಗಾರ ಅನ್ನಬೇಕು.

ಪೇಟೆಯಲ್ಲಿ ಬೇರೆ ಸೂತ್ರಗಳೂ ಓಡಾಡುತ್ತಿವೆ. ಅರ್ಧ ಅಗತ್ಯಕ್ಕೆ, ನೂರಕ್ಕೆ ಮೂವತ್ತು ಇಷ್ಟಕ್ಕೆ, ಇಪ್ಪತ್ತು ಉಳಿತಾಯಕ್ಕೆ ಎಂಬುದು ಅದರಲ್ಲಿ ಒಂದು. ಅಮೆರಿಕದ ಎಲಿಜಬೆತ್ ವಾರನ್ ಮತ್ತು ಅವರ ಮಗಳು 2005ರಲ್ಲಿ ಬರೆದ ಪುಸ್ತಕದಿಂದ ಹಬ್ಬಿದ್ದು. ಅವರ ದೇಶದ ಮಧ್ಯಮವರ್ಗಕ್ಕೆ ಅದು ಹೊಂದುತ್ತಿರಬಹುದು. ನಮ್ಮ ದೇಶದ 2023-24ರ ಕುಟುಂಬ ಖರ್ಚಿನ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಖರ್ಚಿನ ನೂರಕ್ಕೆ 47 ಪಾಲು, ಪಟ್ಟಣದಲ್ಲಿ 40ರ ಹತ್ತಿರ ಊಟಕ್ಕೇ ಹೋಗುತ್ತದೆ. ಆದಾಯ ಕಡಿಮೆಯಾದಷ್ಟೂ ಊಟದ ಪಾಲು ಹೆಚ್ಚುತ್ತದೆ ಎಂದು ಜರ್ಮನಿಯ ಅಂಕಿಅಂಶ ತಜ್ಞ ಎಂಗೆಲ್ 1857ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಊಟದ ಮೇಲೆ ಬಾಡಿಗೆ, ಲೈಟ್ ಬಿಲ್, ಗ್ಯಾಸು ಕೂಡಿದರೆ ಅರ್ಧದ ಗೆರೆ ಯಾವತ್ತೋ ದಾಟಿರುತ್ತದೆ. ಸೂತ್ರಕ್ಕೆ ತನ್ನ ಮನೆ ಹೊಂದಲಿಲ್ಲ ಎಂದು ಹೆಣ್ಣುಮಗಳೊಬ್ಬಳು ತನ್ನನ್ನೇ ಹಳಿದುಕೊಳ್ಳುವುದನ್ನು ನಾನು ಸಹಿಸಲಾರೆ.

ನನಗೆ ಹೆಚ್ಚು ಹತ್ತಿರವೆನಿಸುವವಳು ಜಪಾನಿನ ಹಾನಿ ಮೊತೊಕೊ. ಪತ್ರಕರ್ತೆ. 1904ರಲ್ಲಿ ಮನೆಯೊಡತಿಯರು ತಾವೇ ಬರೆದುಕೊಳ್ಳುವ ಮನೆಲೆಕ್ಕದ ಪುಸ್ತಕ ಅಚ್ಚು ಹಾಕಿಸಿದಳು. ಸೊಲ್ಲಾಪುರದ ಹೆಣ್ಣುಮಕ್ಕಳ ಲೆಕ್ಕವನ್ನು ಗುಮಾಸ್ತರು ಬರೆದುಕೊಂಡು ಮುಂಬಯಿಗೆ ಒಯ್ದರು. ಜಪಾನಿನ ಹೆಣ್ಣುಮಕ್ಕಳು ಪುಸ್ತಕವನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ನಮ್ಮ ಗಿರಣಿ ಓಣಿಗಳ ಹೆಂಗಸರ ಕೈಗೆ ಆಗಲೇ ಅಂಥದೊಂದು ಪುಸ್ತಕ ಬಂದಿದ್ದರೆ ಆಣೆಬಡ್ಡಿಯ ಸಾವುಕಾರರಿಗೆ ಅಷ್ಟು ಸುಲಭವಾಗುತ್ತಿರಲಿಲ್ಲ ಎಂದು ನಂಬಿದ್ದೇನೆ.

ಅಕ್ಕಲಕೋಟದ ಕಡೆಯ ಮನೆಗಳ ವರ್ಷ ಬೇರೆ ಥರದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪಗಾರವೆಂಬುದೇ ಇಲ್ಲದ ಮನೆಗಳು ಬಹಳ. ಮುಂಗಾರಿನ ಹೆಸರು-ಉದ್ದು ಬಂದರೆ ಭಾದ್ರಪದದಲ್ಲಿ ಒಂದಿಷ್ಟು ರೊಕ್ಕ. ದುಧನಿಯ ಪೇಟೆಗೆ ತೊಗರಿ ಹೋದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಇನ್ನೊಂದಿಷ್ಟು. ಕಬ್ಬಿನ ಬಿಲ್ಲು ಕಾರಖಾನೆ ಕೊಟ್ಟಾಗ. ನಡುವಿನ ತಿಂಗಳುಗಳಲ್ಲಿ ಹಾಲಿನದು, ಕೂಲಿಯದು. ಇಂಥ ಮನೆಗೆ ತಿಂಗಳ ಬಜೆಟ್ ಬರೆದು ಕೊಡುವುದು ಅನ್ಯಾಯ. ಹಣ ಬರುವ ತಿಂಗಳು ಮೂರು, ಹೋಗುವ ತಿಂಗಳು ಹನ್ನೆರಡು. ಅಲ್ಲಿ ಲೆಕ್ಕ ತೊಗರಿ ಮಾರಿದ ದಿನವೇ ಆಗಬೇಕು. ಚೀಲದ ರೊಕ್ಕ ಕೈಗೆ ಬಂದ ಸಂಜೆ ಮುಂದಿನ ಸುಗ್ಗಿಯವರೆಗೆ ಎಷ್ಟು ತಿಂಗಳು ಎಂದು ಎಣಿಸಿ, ಬೀಜ-ಗೊಬ್ಬರಕ್ಕೆ ತೆಗೆದಿಟ್ಟು, ಉಳಿದದ್ದನ್ನು ತಿಂಗಳಿಗೆ ಹಂಚಬೇಕು. ಬೀಜದ ಹಣ ಮದುವೆಗೆ ಹೋದರೆ ಮೃಗಶಿರಾ ಮಳೆಗೆ ಮತ್ತೆ ಅಡತಿ ಅಂಗಡಿಯ ಮೆಟ್ಟಿಲು. ಆಗ ತೊಗರಿ ಬೆಳೆಯುವ ಮೊದಲೇ ಅದರ ದರ ಅಡತ್ಯಾನ ಬಾಯಲ್ಲಿರುತ್ತದೆ.

ನಾಗಣಸೂರಿನ ನಮ್ಮ ಆಯಿ ಓದಿದವಳಲ್ಲ. 1972ರ ಬರ ಕಂಡವಳು. ದುಷ್ಕಾಳಿ ಕಾಮಗಾರಿಯಲ್ಲಿ ಕಲ್ಲು ಒಡೆದಿದ್ದಳು, ಅಲ್ಲಿ ಹಂಚಿದ ಸುಕಡಿ ತಿಂದಿದ್ದಳು, ಹೊರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಟ್ಟಿದ್ದಳು. "ಅದು ರೊಟ್ಟಿ ಆಗ್ತಿದ್ದಿಲ್ಲವಾ, ತಟ್ಟಿದ್ರ ಒಡೀತಿತ್ತು" ಅನ್ನುತ್ತಿದ್ದಳು. ಆ ಬರದ ಮೇಲೆ ಅವಳ ಮನೆಯಲ್ಲಿ ಒಂದು ಕಟ್ಟಳೆ ಬಂತು. ಈ ವರ್ಷದ ಜೋಳ ಈ ವರ್ಷ ಉಣ್ಣುವುದಿಲ್ಲ. ಹೋದ ವರ್ಷದ್ದು ಉಣ್ಣಬೇಕು, ಈ ವರ್ಷದ್ದು ಬೇವಿನ ಎಲೆ ಹಾಕಿ ಇಡಬೇಕು. ವರ್ಷಕ್ಕೆ ಐನೂರೈವತ್ತು ಮಿಲಿಮೀಟರಿನ ಆಸುಪಾಸಿನ ಮಳೆ, ಅದರಲ್ಲೂ ದೊಡ್ಡ ಪಾಲು ಸಪ್ಟೆಂಬರಿನಲ್ಲಿ ಬಂದರೆ ಬಂತು, ಇಲ್ಲವಾದರೆ ಇಲ್ಲ. ಹಿಂಗಾರಿ ಜೋಳ ಅದರ ಹಸಿಯ ಮೇಲೇ ನಿಲ್ಲಬೇಕು. ಇಂಥ ನೆಲದಲ್ಲಿ ಮೊದಲ ಉಳಿತಾಯ ಕಾಳಿನಲ್ಲೇ ಆಗುತ್ತಿತ್ತು. ಈಗಿನವರು ತುರ್ತುನಿಧಿ ಅನ್ನುತ್ತಾರೆ, ಮೂರು ತಿಂಗಳ ಖರ್ಚಿನಷ್ಟು ಕೈಯಲ್ಲಿರಲಿ ಅನ್ನುತ್ತಾರೆ. ಆಯಿ ಹನ್ನೆರಡು ತಿಂಗಳದ್ದು ಇಟ್ಟಿದ್ದಳು. ಜೋಳದ ಜೊತೆಗೆ ಕಣಕಿಯ ಬಣವೆಯೂ ಅವಳ ಲೆಕ್ಕದಲ್ಲಿತ್ತು. ಬರಗಾಲದಲ್ಲಿ ಮೇವು ಕೊಳ್ಳಲಾಗದೆ ಎತ್ತು ಮಾರಿದ ಮನೆ ಮತ್ತೆ ಎತ್ತು ಕಟ್ಟಲು ಎಷ್ಟೋ ವರ್ಷ ಬೇಕಾಗುವುದನ್ನು ಅವಳು ಓಣಿಯಲ್ಲೇ ನೋಡಿದ್ದಳು.

ತಮ್ಮನ ಮನೆಯ ಲೆಕ್ಕದಲ್ಲಿ ವರ್ಷದ ಜೋಳವನ್ನು ಒಮ್ಮೆಗೇ ತರುವ ಸಾಲು ಉಳಿಸಿದ್ದು ಅದಕ್ಕೇ. ಸುಗ್ಗಿಯಲ್ಲಿ ಮಾಲದಂಡಿ ಜೋಳ ನಾಲ್ಕು ಕ್ವಿಂಟಲ್ ತಂದು ಹಾಕಿದರೆ ಐದು ಮಂದಿಗೆ ವರ್ಷ ಸಾಗುತ್ತದೆ. ಶ್ರಾವಣದ ದರ ಸಾಮಾನ್ಯವಾಗಿ ಸುಗ್ಗಿಯ ದರಕ್ಕಿಂತ ಮೇಲೇ. ಐದೈದು ಕಿಲೋ ಕೊಳ್ಳುವವರು ವರ್ಷವಿಡೀ ಆ ಮೇಲಿನ ದರ ತೆರುತ್ತಾರೆ. ಬಡವರು ಬಿಡಿ ಕೊಂಡು ಹೆಚ್ಚು ತೆರುವುದು ಬರೀ ಜೋಳದಲ್ಲಿ ಮಾತ್ರವಲ್ಲ. ಎಣ್ಣೆಯಲ್ಲಿ, ಶಾಂಪೂವಿನಲ್ಲಿ, ಸಾಲದಲ್ಲಿ, ಎಲ್ಲದರಲ್ಲೂ ಇದೇ ನಡೆದಿದೆ. ವರ್ಷಕ್ಕೊಮ್ಮೆ ಇಪ್ಪತ್ನಾಲ್ಕು ಸಾವಿರ ಒಟ್ಟಿಗೆ ಕೈಯಲ್ಲಿರುವಂತೆ ಮಾಡಿಕೊಂಡರೆ ಆ ದಂಡ ತಪ್ಪುತ್ತದೆ.

ಅಕ್ಕಲಕೋಟ ಊರಿನೊಳಗಿನ ಮನೆಗಳಿಗೆ ಇನ್ನೊಂದು ಸಾಲಿದೆ, ಬೇರೆ ಊರಿನವರಿಗೆ ಅದು ಹೊಳೆಯುವುದಿಲ್ಲ. ಸ್ವಾಮಿ ಸಮರ್ಥರ ಊರು. ಗುರುವಾರ ಬಂತೆಂದರೆ ವಟವೃಕ್ಷ ಮಂದಿರದ ಮುಂದೆ ಸಾಲು. ಅನ್ನಛತ್ರದಲ್ಲಿ ದಿನಕ್ಕೆ ಸಾವಿರಾರು ಮಂದಿಗೆ ಊಟ ಹಾಕುತ್ತಾರೆ, ಯಾರನ್ನೂ ಹಸಿದು ಕಳಿಸುವುದಿಲ್ಲ. ಆದರೆ ಪುಣೆಯ ಬೀಗರು, ಕಲಬುರಗಿಯ ಚಿಕ್ಕಪ್ಪ, ಲಾತೂರಿನ ಗೆಳತಿ ದರ್ಶನಕ್ಕೆ ಬಂದರೆ ಅನ್ನಛತ್ರದಲ್ಲಿ ಉಂಡು ಹೋಗಿ ಅನ್ನಲು ಬಾಯಿ ಬರುತ್ತದೆಯೇ? ಅವರಿಗೂ ಮನೆಯ ರೊಟ್ಟಿ-ಶೇಂಗಾ ಚಟ್ನಿಯೇ ಬೇಕು. ಚೈತ್ರದ ಪ್ರಕಟದಿನ, ಪುಣ್ಯತಿಥಿಗಳಲ್ಲಂತೂ ಹಾಸಿಗೆ ಸಾಲುವುದಿಲ್ಲ. ಆ ಊರಿನ ಒಬ್ಬ ತಾಯಿ ತನ್ನ ಲೆಕ್ಕದಲ್ಲಿ "ಬಂದವರಿಗೆ" ಎಂದು ಒಂದು ಸಾಲು ಮೊದಲೇ ಬರೆದಿಟ್ಟಿದ್ದನ್ನು ನೋಡಿ ನನಗೆ ಅವರ ಮೇಲೆ ಗೌರವ ಹುಟ್ಟಿತು. ಸಾಲು ಇದ್ದದ್ದರಿಂದ ಅತಿಥಿ ಬಂದಾಗ ಆ ಮನೆಯಲ್ಲಿ ಮುಖ ಸಣ್ಣದಾಗುವುದಿಲ್ಲ. ಲೆಕ್ಕ ಇಟ್ಟರೆ ಮನಸ್ಸು ಸಣ್ಣದಾಗುತ್ತದೆ ಎಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ನಾನು ನೋಡಿದ ಮನೆಗಳಲ್ಲಿ ಲೆಕ್ಕ ಇಲ್ಲದ ಕಡೆಯೇ ಅತಿಥಿಯ ಕಾಲಸಪ್ಪಳಕ್ಕೆ ಗಂಡ-ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಗಡಿಯ ಮಾತೂ ಇದೆ. ಅಕ್ಕಲಕೋಟದ ಕನ್ನಡ ಮನೆಗಳ ಅರ್ಧ ಬಳಗ ಅಫಜಲಪುರ, ಆಳಂದ, ಇಂಡಿಗಳಲ್ಲಿ. ಆಚೆಯ ತಂಗಿಗೆ 2023ರ ಆಗಸ್ಟಿನಿಂದ ತಿಂಗಳಿಗೆ ಗೃಹಲಕ್ಷ್ಮಿಯ 2,000. ಅದೇ ವರ್ಷ ಜೂನಿನಿಂದ ಬಸ್ಸಿಗೆ ಟಿಕೀಟಿಲ್ಲ. ಈಚೆಯ ಅಕ್ಕನಿಗೆ 2023ರ ಮಾರ್ಚಿನಿಂದ ಎಸ್ಟಿ ಬಸ್ಸಿನಲ್ಲಿ ಅರ್ಧ ಟಿಕೀಟು. 2024ರ ಜುಲೈಯಿಂದ ಮಹಾರಾಷ್ಟ್ರ ಸರಕಾರದ ಲಾಡಕಿ ಬಹೀಣ ಯೋಜನೆಯ 1,500. ಮದುವೆಮನೆಯಲ್ಲಿ ಕೂತಾಗ ಅಕ್ಕ-ತಂಗಿಯರ ನಡುವೆ ಈ ಮಾತೇ ಮಾತು. ಈ ಹಣವನ್ನು ನಾನು ಹಗುರಾಗಿ ನೋಡುವವಳಲ್ಲ. ಗಂಡನ ಕೈ ನೋಡದೆ ಗುಳಿಗೆ ಕೊಳ್ಳುವ ಹೆಂಗಸು ನನಗೆ ಗೊತ್ತು. ಆದರೆ ಲೆಕ್ಕದಲ್ಲಿ ಇದನ್ನು ಹಾಲು, ತರಕಾರಿಯ ಸಾಲಿಗೆ ಹೊಂದಿಸಬಾರದು. ಲಾಡಕಿ ಬಹೀಣದ್ದು ಮೊದಲ ಸಲವೇ ಜುಲೈ-ಆಗಸ್ಟಿನ ಎರಡು ಕಂತು ಕೂಡಿ 3,000 ಬಂತು. ಬರುವ ತಾರೀಖು ಗಟ್ಟಿಯಿಲ್ಲ, ಮುಂದಿನ ಸರಕಾರದ ಮನಸ್ಸು ನಮ್ಮ ಕೈಯಲ್ಲಿಲ್ಲ. ಅದು ವರ್ಷದ ಸಾಲಿಗೆ ಹೋಗಲಿ. ಶಾಲೆಗೆ, ದವಾಖಾನೆಗೆ, ಜೋಳಕ್ಕೆ. ಬಂದಾಗ ಕೂಡಲಿ, ಬಾರದ ತಿಂಗಳು ಒಲೆ ಆರದಿರಲಿ.

ಇನ್ನು ಸಾಸಿವೆ ಡಬ್ಬಿಯ ಹಣ. ತಮ್ಮ ಲೆಕ್ಕದ ಉತ್ಸಾಹದಲ್ಲಿ, "ಇಕಿ ಕಡೆ ಡಬ್ಬ್ಯಾಗ ಸ್ವಲ್ಪ ಇರ್ತಾವ ಅಕ್ಕಾ, ಅವೂ ಬರೀರಿ" ಅಂದ. ನಾನು ಬರೆಯಲಿಲ್ಲ. ಎಷ್ಟಿದೆ ಎಂದು ಅವಳನ್ನು ಕೇಳಲೂ ಇಲ್ಲ. ಮನೆಯ ಲೆಕ್ಕ ಎಲ್ಲರ ಎದುರಿಗೆ ತೆರೆದಿರಬೇಕು, ಒಪ್ಪುತ್ತೇನೆ. ಆದರೆ ಹೊಲಿಗೆಯಲ್ಲಿ ನೂರು, ರದ್ದಿಯಲ್ಲಿ ಐವತ್ತು ಎಂದು ಹೆಂಗಸು ಕೂಡಿಟ್ಟದ್ದು ಅವಳದ್ದೇ. ಬೀಡಿ ಕಟ್ಟುವ ಸಾವಿರಾರು ಹೆಂಗಸರ ಊರು ಇದು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ, ಅದರಲ್ಲೂ ಚಾಟ್ ಎಂದು ತಿರಸ್ಕರಿಸಿದ ಬೀಡಿ ತೆಗೆದು ಉಳಿದದ್ದು. ಅವರಲ್ಲಿ ಎಷ್ಟು ಮಂದಿ ಮಕ್ಕಳ ಪರೀಕ್ಷೆ ಫೀಯನ್ನು ಆ ಡಬ್ಬಿಯಿಂದಲೇ ತೆಗೆದು ಕಟ್ಟಿದ್ದಾರೆ! ಗಂಡನ ಕೆಲಸ ಹೋದಾಗ, ಮಿಲ್ಲುಗಳ ಭೋಂಗಾ ಒಂದಾದ ಮೇಲೊಂದು ನಿಂತಾಗ, ಓಣಿಗಳನ್ನು ನಿಲ್ಲಿಸಿದ್ದು ಅಂಥ ಹಣವೇ. ಅದನ್ನು ಪುಟದ ಮೇಲೆ ತಂದ ಮರುದಿನ ಅದು ಎಲ್ಲರ ಹಣವಾಗಿಬಿಡುತ್ತದೆ. ತಮ್ಮ ಒಂದು ಗಳಿಗೆ ಸುಮ್ಮನಿದ್ದು, "ಆತು, ಬ್ಯಾಡ" ಅಂದ.

ಉಳಿದದ್ದು ಹದಿನೇಳು ಸಾವಿರದಲ್ಲಿ ತಿಂಗಳು ನಡೆಸುವ ಮಾತು. ಬಾಡಿಗೆ 4,500, ಹಾಲು 1,800, ಕಿರಾಣಿ 2,800, ತರಕಾರಿ 1,800, ಶಾಲೆಯ ಗಾಡಿ ಮತ್ತು ಟ್ಯೂಶನ್ 2,300, ಪೆಟ್ರೋಲು 1,500, ಲೈಟು, ಗ್ಯಾಸು, ಮೊಬೈಲು, ಹೊರಗಿನ ಚಹಾ, ಭಿಶಿಯ ಸಾವಿರ. ಎಲ್ಲ ಕೂಡಿಸಿದರೆ 18,700. ಸಾವಿರದ ಏಳುನೂರು ಕಡಿಮೆ ಬಿತ್ತು.

ಇಲ್ಲಿ ಹೆಚ್ಚಿನ ಮನೆಗಳು ನೋಟ್‌ಬುಕ್ಕು ಮುಚ್ಚಿಬಿಡುತ್ತವೆ. ನಾವು ಮುಚ್ಚಲಿಲ್ಲ. ಭಿಶಿಯ ಸಾವಿರ ಖರ್ಚಲ್ಲ ಎಂಬುದು ಮೊದಲು ಹೊಳೆಯಿತು. ಓಣಿಯ ಹನ್ನೆರಡು ಹೆಂಗಸರು, ತಿಂಗಳಿಗೆ ಸಾವಿರ, ಸರದಿ ಬಂದಾಗ ಹನ್ನೆರಡು ಸಾವಿರ ಒಮ್ಮೆಗೇ. ಅದು ವರ್ಷದ ಏಳು ಸಾವಿರದಲ್ಲೇ ಕೂಡುವ ಹಣ. ತಮ್ಮನ ಹೆಂಡತಿ ಸರದಿಯನ್ನು ಫೆಬ್ರವರಿಗೆ ಕೇಳಿ ಪಡೆದಳು, ಜೋಳದ ತಿಂಗಳಿಗೆ. ಭಿಶಿ ಮಾತ್ರ ಬಾಗಿಲು ಬಾಗಿಲು ಗೊತ್ತಿದ್ದವರೊಳಗೇ ಇರಬೇಕು. ಅಪರಿಚಿತರು ನಡೆಸುವ ದೊಡ್ಡ ಭಿಶಿಗಳ ಗೊಡವೆ ಬೇಡ.

ಕೊರತೆ ಏಳುನೂರಕ್ಕೆ ಇಳಿಯಿತು. ಕುರುಕಲು ತಿಂಡಿ ಹೊರಗಿನಿಂದ ತರುವುದು ಬಿಟ್ಟು ಮನೆಯಲ್ಲೇ ಚುಡಾ, ಶೇಂಗಾ ಉಂಡಿ ಮಾಡಿದರೆ ಮುನ್ನೂರು ಉಳಿಯುತ್ತದೆ ಎಂದು ತಮ್ಮ ಹೇಳಿದ. ನಾನು ಬೇಡ ಅಂದೆ. ಈ ಊರಿನಲ್ಲಿ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತದೆ. ನೀರಿನ ದಿನ ಅವಳು ಬ್ಯಾರಲ್ಲು, ಟಾಕಿ, ಕೊಡ ತುಂಬುವುದರಲ್ಲೇ ಅರ್ಧ ದಿನ ಕಳೆಯುತ್ತಾಳೆ, ಹೊಲಿಗೆ ಯಂತ್ರ ಮುಟ್ಟಲಾಗುವುದಿಲ್ಲ. ಅದರ ಮೇಲೆ ಚುಡಾ ಹುರಿಯುವ ಎರಡು ತಾಸು ಸೇರಿಸಿದರೆ ಮುನ್ನೂರು ಉಳಿಸಲು ನಾನೂರರ ಹೊಲಿಗೆ ಹೋಗುತ್ತದೆ. ಮನೆಯ ಖರ್ಚು ಕಡಿಮೆ ಮಾಡುವುದೆಂದರೆ ಹೆಂಗಸಿನ ಕೆಲಸ ಹೆಚ್ಚು ಮಾಡುವುದು ಎಂದು ಬಹಳ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅವಳ ತಾಸಿಗೆ ಬೆಲೆ ಹಾಕದ ಬಜೆಟ್ ವಾಸ್ತವದ್ದಲ್ಲ.

ಕೊನೆಗೆ ಪೆಟ್ರೋಲಿನಲ್ಲಿ ನಾನೂರು ಸಿಕ್ಕಿತು. ಪಕ್ಕದ ಓಣಿಯಿಂದ ಅದೇ ಎಂಐಡಿಸಿಗೆ ಹೋಗುವ ಇನ್ನೊಬ್ಬರ ಜೊತೆ ವಾರ ಬಿಟ್ಟು ವಾರ ಒಂದೇ ಗಾಡಿ. ಮೊಬೈಲಿನ ರಿಚಾರ್ಜು ಮತ್ತು ಹೊರಗಿನ ಚಹಾದಲ್ಲಿ ಮುನ್ನೂರು. ಟ್ಯೂಶನ್ನಿಗೆ ಕೈ ಹಚ್ಚಲಿಲ್ಲ, ಹಾಲಿಗೆ ಹಚ್ಚಲಿಲ್ಲ, ಜಾತ್ರೆಗೂ ಹಚ್ಚಲಿಲ್ಲ. ಜಾತ್ರೆಯನ್ನು ಕಡಿಮೆ ಮಾಡಿರಿ ಎಂದು ಹೇಳುವವರು ಬಹಳ. ತಮ್ಮ ಬಿಳಿ ಬಾರಾಬಂದಿ ತೊಟ್ಟು ನಂದಿಕೋಲಿನ ಜೊತೆ ನಡೆಯುವ ಆ ದಿನಗಳಿಗಾಗಿ ವರ್ಷವಿಡೀ ಮಗ್ಗಗಳ ಸದ್ದಿನಲ್ಲಿ ನಿಲ್ಲುತ್ತಾನೆ. ಅದಕ್ಕೆ ಸಾಲ ಮಾಡಬಾರದು, ಅಷ್ಟೇ. ತೆಗೆದಿಟ್ಟ ಹಣದಲ್ಲಿ ಧಾರಾಳವಾಗಿ ಮಾಡಲಿ.

ಏಳು ಸಾವಿರ ಎಲ್ಲಿಡುವುದು ಎಂಬುದಕ್ಕೂ ಜಗ್ಗಾಟ ನಡೆಯಿತು. ಕೈಯಲ್ಲಿಟ್ಟರೆ ಉಳಿಯುವುದಿಲ್ಲ. ಪಗಾರದ ದಿನವೇ ನಾಲ್ಕು ಸಾವಿರ ಎಟಿಎಂ ಕಾರ್ಡಿಲ್ಲದ ಬೇರೊಂದು ಬ್ಯಾಂಕ್ ಖಾತೆಗೆ. ಹೊಲಿಗೆಯ ಹಣ ದಿನದಿನಕ್ಕೆ ಬರುವುದರಿಂದ ಅದರಲ್ಲಿ ಎರಡು ಸಾವಿರ ಪಿಗ್ಮಿಗೆ. ಭಿಶಿಯದು ಒಂದು ಸಾವಿರ. ಪಿಗ್ಮಿ ನಮ್ಮ ಉಡುಪಿಯಲ್ಲಿ 1928ರಲ್ಲಿ ದಿನಕ್ಕೆ ಎರಡಾಣೆಯಿಂದ ಶುರುವಾದದ್ದು, ಸೊಲ್ಲಾಪುರದ ಗಿರಣಿ ಮನೆಗಳ ವರದಿ ಅಚ್ಚಾದ ವರ್ಷವೇ. ಮನೆ ಬಾಗಿಲಿಗೆ ಬಂದು ಒಯ್ಯುವವರು ಇದ್ದರೆ ಮಾತ್ರ ಚಿಲ್ಲರೆ ಹಣ ಉಳಿಯುತ್ತದೆ ಎಂಬುದನ್ನು ಅದನ್ನು ಶುರುಮಾಡಿದ ಬ್ಯಾಂಕಿನವರು ಸರಿಯಾಗಿ ಹಿಡಿದಿದ್ದರು. ಒಂದು ಎಚ್ಚರ ಹೇಳಿದೆ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕಾದರೂ ಸರಿ, ಐದು ಲಕ್ಷದವರೆಗೆ ವಿಮೆಯಿದೆ. ಪತ್‌ಸಂಸ್ಥೆಯ ಠೇವಣಿಗೆ ಆ ವಿಮೆಯಿಲ್ಲ. ಅಲ್ಲಿ ಪಿಗ್ಮಿ ಕಟ್ಟುವುದಾದರೆ ಹಣ ದೊಡ್ಡದಾಗಲು ಬಿಡದೆ ಆಗಾಗ ತೆಗೆದು ಬ್ಯಾಂಕಿಗೆ ಹಾಕಬೇಕು.

ಶುರು ಯಾವಾಗ ಮಾಡಬೇಕು ಎಂಬುದು ಕೊನೆಯ ಪ್ರಶ್ನೆ. ಸರಕಾರದ ವರ್ಷ ಏಪ್ರಿಲಿಗೆ, ವ್ಯಾಪಾರಿಗಳ ವಹಿ ದೀಪಾವಳಿಗೆ. ಮನೆಗೆ ಯುಗಾದಿಯೇ ಸರಿ. ಜೋಳ ತಂದು ಹಾಕಿ ಆಗಿರುತ್ತದೆ, ಪಟ್ಟಿ ಕಟ್ಟಿ ಆಗಿರುತ್ತದೆ. ಅಲ್ಲಿಂದ ಜೂನಿಗೆ ಮೂರು ತಿಂಗಳು, ಅಷ್ಟರಲ್ಲಿ ಇಪ್ಪತ್ತೊಂದು ಸಾವಿರ ಕೂಡುತ್ತದೆ, ಶಾಲೆಗೆ ಹದಿನಾರು ಕೊಟ್ಟರೂ ಐದು ಮಿಗುತ್ತದೆ. ದೀಪಾವಳಿಗೆ ಶುರುಮಾಡಿದರೆ ಎರಡೇ ತಿಂಗಳಿಗೆ ಜಾತ್ರೆ, ಅದರ ಬೆನ್ನಿಗೇ ಜೋಳ. ಕೂಡುವ ಮೊದಲೇ ತೆಗೆಯಬೇಕಾಗುತ್ತದೆ, ಕೈ ಸೋತು ಲೆಕ್ಕ ನಿಂತುಹೋಗುತ್ತದೆ.

ಅವರು ಯುಗಾದಿಗೆ ಶುರುಮಾಡಿದರು. ಒಂಬತ್ತನೇ ಇಯತ್ತೆಯ ಮಗಳು ತಿಂಗಳ ಕೊನೆಯ ರವಿವಾರ ಎಲ್ಲರಿಗೂ ಓದಿ ಹೇಳುತ್ತಾಳೆ, ಮರಾಠಿ ಶಾಲೆಯವಳಾದ್ದರಿಂದ ಅಂಕಿಗಳನ್ನು ಮರಾಠಿಯಲ್ಲಿ, ಸಾಲುಗಳ ಹೆಸರನ್ನು ಕನ್ನಡದಲ್ಲಿ. ಜೂನು ಸಾಲವಿಲ್ಲದೆ ದಾಟಿತು. ಭಾದ್ರಪದದಲ್ಲಿ ಅವ್ವನ ಮೊಣಕಾಲಿಗೆ ದವಾಖಾನೆಯ ಸಾಲು ಒಡೆದು ಆರು ಸಾವಿರ ಹೆಚ್ಚು ಹೋಯಿತು. ಮುಯ್ಯಿಯ ಸಾಲಿನಿಂದ ಎರಡು, ಹಬ್ಬದಿಂದ ಎರಡು ತೆಗೆದರು; ಇನ್ನೆರಡು ಸಾವಿರ ಜೋಳದ ಸಾಲಿನಿಂದ. ಫೆಬ್ರವರಿಯೊಳಗೆ ಅದನ್ನು ತುಂಬಿಸಲು ತಮ್ಮನ ಹೆಂಡತಿ ಮದುವೆ ಸುಗ್ಗಿಯ ಕುಪ್ಪಸಗಳನ್ನು ಈಗಲೇ ಒಪ್ಪಿಕೊಂಡಿದ್ದಾಳೆ, ಮತ್ತು ಅವಳು ಹೊಲಿಯುವ ಸಂಜೆಗಳಲ್ಲಿ ರೊಟ್ಟಿ ತಟ್ಟುವುದನ್ನು ತಮ್ಮ ಕಲಿಯುತ್ತಿದ್ದಾನೆ.